ನಿಮ್ಮ ಓಣಿಯ ಹಾಡು ಕೊಡಿ

ಹೋದ ವರ್ಷ ನಾಗರ ಪಂಚಮಿಯ ಹಿಂದಿನ ರಾತ್ರಿ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಜೋಕಾಲಿ ಪದ ಕೂಡಿಬಂತು. ಅಜ್ಜಿ ಹಾಡುತ್ತಿದ್ದ ಪದ. ಅವಳು ತೀರಿಕೊಂಡು ಬಹಳ ವರ್ಷಗಳಾದವು. ನನಗೆ ಧಾಟಿ ನೆನಪಿತ್ತು, ಮಾತು ಮರೆತಿದ್ದವು. ಧಾಟಿಯನ್ನಷ್ಟೇ ಗುನುಗಿ ಗುಂಪಿಗೆ ಹಾಕಿದೆ. ಅರ್ಧ ಗಂಟೆಯೊಳಗೆ ಅಕ್ಕ ಒಂದು ನುಡಿ ಹಾಡಿ ಕಳಿಸಿದಳು. ಪುಣೆಯಲ್ಲಿರುವ ಚಿಗವ್ವ ಅದನ್ನು ಕೇಳಿ, "ಹಂಗಲ್ಲವಾ, ನೀ ಎರಡನೇ ನುಡಿ ಮೊದಲ ಹಾಡಾಕತ್ತಿ" ಎಂದು ತಿದ್ದಿ, ಮೊದಲ ನುಡಿಯನ್ನು ತಾನೇ ಹಾಡಿದಳು. ನಡುವೆ ಒಂದು ಸಾಲು ಯಾರಿಗೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣಿಗೇರಿಯ ಅತ್ತಿ ಆ ಸಾಲನ್ನು ಕಳಿಸಿದಳು. ಹಿಂದೆ ಒಗ್ಗರಣೆಯ ಸಪ್ಪಳ, ಯಾವುದೋ ಮಗುವಿನ ಹಟ. ನಾಲ್ಕು ಊರಿನ ನಾಲ್ಕು ಕೊರಳಲ್ಲಿ ಹಂಚಿಹೋಗಿದ್ದ ಒಂದು ಹಾಡು ಹನ್ನೆರಡು ತಾಸಿನಲ್ಲಿ ಇಡಿಯಾಗಿ ಕೈಗೆ ಬಂತು.

ಆ ದಿನದಿಂದ ಒಂದೇ ಯೋಚನೆ. ಒಂದು ಮನೆಯವರು ಕೂಡಿ ಒಂದು ಹಾಡನ್ನು ಮರಳಿ ಪಡೆಯಬಹುದಾದರೆ, ಹುಬ್ಬಳ್ಳಿ-ಧಾರವಾಡದ ಇಡೀ ಊರು ಕೂಡಿದರೆ ಏನೇನು ಸಿಗಬಹುದು? ಆ ಯೋಚನೆಯೇ ಈ ಮನವಿ. ನಮ್ಮ ಅವಳಿ ನಗರಕ್ಕೆ ಒಂದು ಹಾಡಿನ ಪಟ್ಟಿ ಬೇಕು. ಅದನ್ನು ಯಾವ ಕಂಪನಿಯೂ ಮಾಡಿಕೊಡುವುದು ಬೇಡ, ಯಾವ ಸಮಿತಿಯೂ ಆರಿಸಿಕೊಡುವುದು ಬೇಡ. ನಾವು, ಇಲ್ಲಿ ಹುಟ್ಟಿದವರು, ಇಲ್ಲಿ ಓದಿದವರು, ಇಲ್ಲಿಗೆ ದುಡಿಯಲು ಬಂದವರು, ಇಲ್ಲಿಂದ ದೂರ ಹೋಗಿ ನೆನೆಯುತ್ತಿರುವವರು ಕೂಡಿ ಮಾಡೋಣ. ಕೈಯಲ್ಲಿರುವ ಫೋನು ಸಾಕು.

ಹುಬ್ಬಳ್ಳಿ-ಧಾರವಾಡದ ಸಂಗೀತ ಎಂದ ಕೂಡಲೇ ಕೆಲವು ದೊಡ್ಡ ಹೆಸರುಗಳು ನಾಲಿಗೆಗೆ ಬರುತ್ತವೆ. ಬರಲೇಬೇಕು. ಅಮ್ಮಿನಭಾವಿಯಲ್ಲಿ 1886ರಲ್ಲಿ ಹುಟ್ಟಿ ಕುಂದಗೋಳದಲ್ಲಿ ಬೆಳೆದ ಸವಾಯಿ ಗಂಧರ್ವರು. ಧಾರವಾಡದ ಪಕ್ಕದ ಮನಸೂರಿನಿಂದ ಬಂದು, ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿಯನ್ನೂ ಮಂಜಿಖಾನ್, ಬುರ್ಜಿಖಾನ್ ಅವರಲ್ಲಿ ಜೈಪುರದ ಗಾಯಕಿಯನ್ನೂ ಕಲಿತು, ಅದೇ ಕೊರಳಲ್ಲಿ ವಚನಗಳನ್ನೂ ಹಾಡಿದ ಮಲ್ಲಿಕಾರ್ಜುನ ಮನಸೂರರು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು. ತಲೆಮಾರುಗಳಿಂದ ಸಿತಾರ್ ನುಡಿಸುತ್ತ ಬಂದ ರಹಿಮತ್ ಖಾನರ ಮನೆತನ. ಇವರೆಲ್ಲರ ಧ್ವನಿಮುದ್ರಿಕೆಗಳು ಇಂದು ಅಂತರ್ಜಾಲದಲ್ಲಿವೆ, ಹುಡುಕಿದರೆ ಸಿಗುತ್ತವೆ. ಅವರ ಹೆಸರಿನ ಸಭಾಭವನಗಳಿವೆ, ಪ್ರಶಸ್ತಿಗಳಿವೆ. ಅವರನ್ನು ಪಟ್ಟಿಗೆ ಸೇರಿಸಲು ಯಾರೂ ಮರೆಯುವುದಿಲ್ಲ.

ಆದರೆ ಆ ದೊಡ್ಡವರು ಹಾಡಿನ ದಾರಿ ಹಿಡಿದದ್ದು ಹೇಗೆ ಎಂಬುದನ್ನು ಸ್ವಲ್ಪ ನೆನೆಯಿರಿ. ಗಂಗೂಬಾಯಿ ಚಿಕ್ಕವರಿದ್ದಾಗ ಬೀದಿಯಲ್ಲಿ ಗ್ರಾಮೋಫೋನ್ ಹಾಡುವುದು ಕೇಳಿಸಿದರೆ ಮನೆಯಿಂದ ಓಡಿಹೋಗುತ್ತಿದ್ದರು. ಕೇಳಿದ್ದನ್ನು ಬಂದು ಹಾಡಲು ನೋಡುತ್ತಿದ್ದರು. ರೋಣದಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಭೀಮಸೇನ ಜೋಶಿ, ಶಾಲೆಯ ಹುಡುಗ, ಒಂದು ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿದರು. ಆ ದನಿ ಅವರನ್ನು ಬಿಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಎಲ್ಲೆಲ್ಲೋ ಅಲೆದು ಕೊನೆಗೆ ಸೇರಿದ್ದು ಕುಂದಗೋಳಕ್ಕೆ, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಹತ್ತಿರ. ಅದೇ ಗುರುವಿನಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ನಮ್ಮ ಭಾಗದ ಇಬ್ಬರು ಮಹಾಗಾಯಕರನ್ನು ಚಿಕ್ಕಂದಿನಲ್ಲಿ ಸೆಳೆದ ಹಾಡು ಬೀದಿಯದು. ಅಂಗಡಿಯವ ಗಿರಾಕಿ ಬರಲೆಂದು ಹಾಕಿದ ತಟ್ಟೆ. ಎದುರಿಗೆ ದುಡ್ಡಿಲ್ಲದೆ ನಿಂತ ಮಗು.

ಆ ಅಂಗಡಿಗಳು ಈಗಿಲ್ಲ. ಕ್ಯಾಸೆಟ್ ಅಂಗಡಿಗಳೂ ಮುಚ್ಚಿದವು. ನಾನು ಕಾಲೇಜಿಗೆ ಹೋಗುವಾಗ ಹಾದಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಮುಂಜಾನೆ ಭಜನೆ ಪದ, ಮಧ್ಯಾಹ್ನ ಸಿನಿಮಾ ಹಾಡು, ಸಂಜೆಗೆ ಶರೀಫರ ಪದ ಕೇಳಿಸುತ್ತಿತ್ತು. ನಾನು ಅಲ್ಲಿ ಕೊಂಡದ್ದು ಮೂರೋ ನಾಲ್ಕೋ ಕ್ಯಾಸೆಟ್, ಕೇಳಿದ್ದು ನೂರಾರು. ಇವತ್ತು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಅಕ್ಕಪಕ್ಕದ ಸೀಟಿನವರು ಒಬ್ಬೊಬ್ಬರೂ ಒಂದೊಂದು ಹಾಡು ಕೇಳುತ್ತಿರುತ್ತಾರೆ. ಪಕ್ಕದವರ ಕಿವಿಯಲ್ಲಿ ಏನಿದೆ ಎಂದು ನಮಗೆ ತಿಳಿಯದು. ಫೋನು ತಾನೇ ಆರಿಸಿ ಒಂದಾದ ಮೇಲೊಂದು ಹಾಡು ಹಾಕುತ್ತದೆ. ನಾವು ನಿನ್ನೆ ಕೇಳಿದ್ದಕ್ಕೆ ಹೋಲುವುದನ್ನೇ ಇವತ್ತೂ ಕೊಡುತ್ತದೆ. ತಾನು ಎಂದೂ ಕೇಳಿರದ ಹಾಡಿನ ಮುಂದೆ ಒಂದು ಮಗು ತಟಕ್ಕನೆ ನಿಲ್ಲುವ ಅವಕಾಶ ಕಡಿಮೆಯಾಗಿದೆ. ನಾನು ಕೇಳುತ್ತಿರುವ ಪಟ್ಟಿ ಆ ಅಂಗಡಿಯ ಬಾಗಿಲನ್ನು ಮತ್ತೆ ತೆರೆಯಲಿ ಎಂಬುದು ನನ್ನ ಆಸೆ.

ಹಾಗಾದರೆ ಅದರಲ್ಲಿ ಏನೇನಿರಬೇಕು? ನನ್ನ ಉತ್ತರ ಸರಳ: ಈ ಊರಿನಲ್ಲಿ ಯಾರೋ ಒಬ್ಬರು ನಿಜವಾಗಿ ಕೇಳಿದ, ಹಾಡಿದ, ಆ ಹಾಡಿನ ಜೊತೆಗೆ ಒಂದು ಜಾಗ ನೆನಪಿರುವ ಯಾವ ಹಾಡೂ ಆಗುತ್ತದೆ.

ಬೇಂದ್ರೆಯವರ 'ಬೆಳಗು' ಕವಿತೆಯನ್ನೇ ನೋಡಿ. ಕನ್ನಡ ನಾಡಿನ ಬಹಳ ಜನ ಅದನ್ನು ಮೊದಲು ಕೇಳಿದ್ದು 1967ರ 'ಬೆಳ್ಳಿ ಮೋಡ' ಸಿನಿಮಾದಲ್ಲಿ, ವಿಜಯಭಾಸ್ಕರ್ ಸಂಗೀತದಲ್ಲಿ, ಎಸ್. ಜಾನಕಿ ಅವರ ಕೊರಳಲ್ಲಿ. ಸಾಧನಕೇರಿಯ ಕವಿಯ ಪದ್ಯ ಮಲೆನಾಡಿನ ಚಿತ್ರದ ಹಾಡಾಗಿ, ರೇಡಿಯೋದಿಂದ ಮತ್ತೆ ಸಾಧನಕೇರಿಗೇ ಬಂತು. ಆ ಸುತ್ತಿನಲ್ಲಿ ಧಾರವಾಡದವರು ಅದನ್ನು ಎಲ್ಲಿ ಕೇಳಿದರು? ಕೆರೆಯ ದಂಡೆಯ ಮನೆಯ ಅಂಗಳದಲ್ಲೋ, ಹಾಸ್ಟೆಲ್ಲಿನ ಕೋಣೆಯಲ್ಲೋ, ಮದುವೆ ಮನೆಯ ಮೈಕಿನಲ್ಲೋ? ಹಾಡು ಎಲ್ಲರಿಗೂ ಗೊತ್ತು. ಕೇಳಿದ ಜಾಗ ಕೇಳಿದವರಿಗೆ ಮಾತ್ರ ಗೊತ್ತು. ನಮಗೆ ಎರಡೂ ಬೇಕು.

ಹೀಗೆಯೇ ಶಿಶುನಾಳ ಶರೀಫರು. ಅವರ ಶಿಶುವಿನಾಳ ಈಗ ಹಾವೇರಿ ಜಿಲ್ಲೆಗೆ ಸೇರಿದ್ದರೂ ಅವರ ಕಾಲದಲ್ಲಿ ಧಾರವಾಡ ಜಿಲ್ಲೆಯ ಊರೇ ಆಗಿತ್ತು. ಸಿ. ಅಶ್ವತ್ಥ್ ಹಾಡಿದ ಶರೀಫರು ರಾಜ್ಯಕ್ಕೆಲ್ಲ ತಿಳಿದಿದ್ದಾರೆ. 1990ರ ನಾಗಾಭರಣರ ಸಿನಿಮಾ ಅವರನ್ನು ಮನೆಮನೆಗೆ ತಲುಪಿಸಿತು. ಆದರೆ ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತ ಭಜನಾ ಮೇಳದವರು ಅದೇ ಪದವನ್ನು ಹಾಡುವ ಬಗೆ ಬೇರೆ. ಲಯ ಬೇರೆ, ನಡುನಡುವೆ ಅರ್ಥ ಬಿಡಿಸುವ ಮಾತು ಬೇರೆ, ಎದುರಾಳಿ ಮೇಳದವರು ಸವಾಲಿಗೆ ಹಾಡುವ ಪದ ಬೇರೆ. ಹಳೆ ಹುಬ್ಬಳ್ಳಿಯಲ್ಲಿ, ಧಾರವಾಡದ ಹಳ್ಳಿಗಳಂಥ ಓಣಿಗಳಲ್ಲಿ ಇವತ್ತಿಗೂ ಅಂಥ ಮೇಳಗಳಿವೆ. ಅವರ ಹಾಡು ಯಾರ ಫೋನಿನಲ್ಲಾದರೂ ಇದ್ದೇ ಇರುತ್ತದೆ. ಆ ಫೋನು ನಿಮ್ಮದಾಗಿದ್ದರೆ ದಯವಿಟ್ಟು ಮುಂದೆ ಬನ್ನಿ.

ಹೋಳಿಯ ಹುಬ್ಬಳ್ಳಿಯನ್ನು ಜಗ್ಗಲಗಿ ಇಲ್ಲದೆ ನೆನೆಯಲಾಗದು. ಬಂಡಿಯ ಗಾಲಿಯ ಕಬ್ಬಿಣದ ಹಳಿಗೆ ಚರ್ಮ ಬಿಗಿದು ಮಾಡಿದ ಆಳೆತ್ತರದ ವಾದ್ಯ. ಉರುಳಿಸಿಕೊಂಡು ಬಂದು ಬಡಿದರೆ ಎದೆಯೇ ನಡುಗುತ್ತದೆ. ಬ್ಯಾಹಟ್ಟಿಯವರು ಅದಕ್ಕೆ ಹೆಸರಾದವರು. ಹಲಗಿಯ ಬಡಿತದಲ್ಲಿಯೂ ಓಣಿ ಓಣಿಗೆ ವ್ಯತ್ಯಾಸವಿದೆ ಎಂದು ಬಲ್ಲವರು ಹೇಳುತ್ತಾರೆ. ದುರ್ಗದ ಬೈಲಿನಲ್ಲಿ ನಿಂತು ಕೇಳಿದವರು ಅದನ್ನು ಸಂಗೀತ ಎಂದು ಪಟ್ಟಿಗೆ ಹಾಕಲು ಹಿಂಜರಿಯಬಾರದು. ಮಾತಿಲ್ಲದಿದ್ದರೂ ಅದು ಈ ಊರಿನ ಹಾಡೇ.

ಮೊಹರಂನ ರಿವಾಯತ್ ಪದಗಳು ಬರಲಿ. ಹಿಂದೂಗಳೂ ಮುಸಲ್ಮಾನರೂ ಕೂಡಿ ಕನ್ನಡದಲ್ಲಿ ಹಾಡುವ ಆ ಪದಗಳಲ್ಲಿ ಕರ್ಬಲಾದ ದುಃಖಕ್ಕೆ ನಮ್ಮ ಎರೆಹೊಲದ ಮಾತು ಸಿಕ್ಕಿದೆ. ಸಿದ್ಧಾರೂಢ ಮಠದ ಬೆಳಗಿನ ಭಜನೆ ಬರಲಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಮನೆಗೆ ಹೋಗಿ ಹಾಡುವವರ ಕನ್ನಡ ಗೀತೆ ಬರಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಬಂದಾಗ ಅದರ ಜೊತೆ ತಮಿಳು, ತೆಲುಗು ಮಾತಿನ ಮನೆಗಳೂ ಬಂದವು. ಆ ಮನೆಗಳ ಲಾಲಿ ಹಾಡೂ ಹುಬ್ಬಳ್ಳಿಯ ಹಾಡೇ. ಧಾರವಾಡದ ಹಳೆಯ ಮನೆಗಳಲ್ಲಿ ಮರಾಠಿ ನಾಟ್ಯಗೀತೆ ಕೇಳಿ ಬೆಳೆದವರಿದ್ದಾರೆ, ಉರ್ದು ಕವ್ವಾಲಿ ಕೇಳಿ ಬೆಳೆದವರಿದ್ದಾರೆ, ಕೊಂಕಣಿ ಹಾಡು ಹೇಳಿಕೊಟ್ಟ ತಾಯಂದಿರಿದ್ದಾರೆ. ಈ ಪಟ್ಟಿಗೆ ಭಾಷೆಯ ಬಾಗಿಲು ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಊರಿನ ಪಟ್ಟಿ ಎಂದ ಮೇಲೆ ಊರಿನಲ್ಲಿರುವವರೆಲ್ಲ ಅದರಲ್ಲಿರಬೇಕು. ಕನ್ನಡದ ಊರು ಇಷ್ಟು ದನಿಗಳನ್ನು ಒಳಗೊಂಡಿದೆ ಎಂಬುದು ಕನ್ನಡಕ್ಕೇ ಹೆಮ್ಮೆ.

ಕಂಪನಿ ನಾಟಕದ ಹಾಡುಗಳ ಬಗ್ಗೆ ನನಗೆ ಹೆಚ್ಚಿನ ಕಳವಳ. 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ನಮ್ಮ ಧಾರವಾಡದಲ್ಲೇ ಇದ್ದರು. ಅವರ ರಂಗಗೀತೆಗಳು ಸ್ವಲ್ಪವಾದರೂ ದಾಖಲಾಗಿವೆ. ಆದರೆ ಕಂಪನಿಗಳಲ್ಲಿ ಹಾರ್ಮೋನಿಯಂ ಹಿಡಿದವರು, ಸ್ತ್ರೀಪಾತ್ರ ಮಾಡಿದವರು, ತೆರೆಯ ಹಿಂದೆ ದನಿಗೂಡಿಸಿದವರು ಎಷ್ಟೋ ಮಂದಿ. ಅವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರ ಮನೆಯ ಟ್ರಂಕಿನಲ್ಲಿ ಒಂದು ಕ್ಯಾಸೆಟ್ಟೋ, ಹಾಡು ಬರೆದಿಟ್ಟ ನೋಟುಬುಕ್ಕೋ ಇರಬಹುದು. ಕ್ಯಾಸೆಟ್ಟಿನ ಟೇಪು ಶಾಶ್ವತವಲ್ಲ. ತೇವಕ್ಕೆ ಬೂಸ್ಟು ಹಿಡಿಯುತ್ತದೆ, ವರ್ಷಗಟ್ಟಲೆ ಸುತ್ತಿಟ್ಟ ಕಡೆ ಒಂದಕ್ಕೊಂದು ಅಂಟುತ್ತದೆ, ಆಮೇಲೆ ಅದನ್ನು ನುಡಿಸಲು ಯಂತ್ರವೇ ಸಿಗುವುದಿಲ್ಲ. ಇದಕ್ಕೆ ನಾಳೆ ಎಂಬುದು ಇಲ್ಲ.

ಆಕಾಶವಾಣಿಯ ಋಣ ಬೇರೆಯೇ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದ ಮೇಲೆ ಈ ಭಾಗದ ಮನೆಗಳಲ್ಲಿ ಬೆಳಗಾಗುತ್ತಿದ್ದದ್ದೇ ಅದರ ದನಿಗೆ. ಬೇಂದ್ರೆ, ಮನಸೂರರಂಥವರು ಅಲ್ಲಿ ಸಲಹೆಗಾರರಾಗಿದ್ದರು. ಸಾವಿರ ಪದಗಳ ಸರದಾರ ಎಂದು ಜನ ಕರೆದ ಹುಕ್ಕೇರಿ ಬಾಳಪ್ಪನವರ ಜಾನಪದ ಗೀತೆಯನ್ನು ಹೊಲದ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೇಳಿದವರು ಇನ್ನೂ ಇದ್ದಾರೆ. ಆಗ ಕೆಲವರು ಟೇಪ್ ರೆಕಾರ್ಡರನ್ನು ರೇಡಿಯೋ ಪಕ್ಕಕ್ಕಿಟ್ಟು ಮುದ್ರಿಸಿಕೊಳ್ಳುತ್ತಿದ್ದರು. ಹಾಗೆ ಹಿಡಿದಿಟ್ಟ ಹಾಡು ನಿಮ್ಮಲ್ಲಿದ್ದರೆ ಅದರ ಹೆಸರಾದರೂ ಬರೆದು ಕಳಿಸಿ.

ಹೊಸ ಹುಡುಗರ ಹಾಡೂ ಬೇಕು. ಕಬ್ಬಿನ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರು ಕಟ್ಟಿಕೊಂಡು ಹೋಗುವವರ ಜಾನಪದ ಹಾಡನ್ನು ಕೆಲವರು ಗದ್ದಲ ಎನ್ನುತ್ತಾರೆ. ಅದರಲ್ಲಿ ಕೆಲವು ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುವಂಥವು ಇವೆ, ಅವು ಬೇಡ. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಆದರೆ ದುಡಿಯುವ ಹುಡುಗನೊಬ್ಬ ತನ್ನೂರ ಮಾತಿನಲ್ಲೇ ಪ್ರೀತಿಯನ್ನೋ, ಮಳೆ ಬಾರದ ವರ್ಷವನ್ನೋ, ಗೋವಾಕ್ಕೆ ಕೂಲಿಗೆ ಹೋದದ್ದನ್ನೋ ಹಾಡಿ, ಮೊಬೈಲಿನಲ್ಲೇ ಮುದ್ರಿಸಿ ಯೂಟ್ಯೂಬಿಗೆ ಹಾಕಿದರೆ ಅದನ್ನು ಹೊರಗಿಡಲು ನಮಗೆ ಯಾವ ಹಕ್ಕು? ಕಾಲೇಜಿನ ಹುಡುಗಿಯರು ಹುಬ್ಬಳ್ಳಿ ಭಾಷೆಯಲ್ಲಿ ರ‍್ಯಾಪ್ ಹಾಡುತ್ತಿದ್ದರೆ ಅದನ್ನು ಮನಸೂರರ ಪಕ್ಕದಲ್ಲೇ ಇಡೋಣ. ಗಂಗೂಬಾಯಿಯವರ ಮೊದಲ ತಟ್ಟೆಗಳು 1930ರ ದಶಕದ ಮೊದಲಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದಾಗ ಅವರೂ ಇಪ್ಪತ್ತರ ಆಸುಪಾಸಿನ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಹುಡುಗಿಯೇ ಆಗಿದ್ದರು.

ಇನ್ನು ಕೆಲಸದ ಮಾತು. ಪಟ್ಟಿಯನ್ನು ಯೂಟ್ಯೂಬಿನಲ್ಲಿ ಮಾಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದುಡ್ಡು ಕೊಡದೆ ಕೇಳಬಹುದು. ನಮ್ಮ ಭಜನೆ, ರಿವಾಯತ್, ಜಗ್ಗಲಗಿಯಂಥವು ಇರುವುದೂ ಹೆಚ್ಚಾಗಿ ಅಲ್ಲೇ. ಸ್ಪಾಟಿಫೈಯಂಥ ಆ್ಯಪ್ ಬಳಸುವವರು ಅಲ್ಲಿಯೂ ಒಂದು ಜೋಡಿ ಪಟ್ಟಿ ಮಾಡಲಿ. ಎರಡರಲ್ಲೂ ಹಲವರು ಕೂಡಿ ಹಾಡು ಸೇರಿಸುವ ಸೌಲಭ್ಯವಿದೆ. ಆದರೆ ಒಂದು ಎಚ್ಚರಿಕೆ: ಎಲ್ಲರಿಗೂ ಬಾಗಿಲು ತೆರೆದ ಪಟ್ಟಿಯಲ್ಲಿ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆಯಲೂಬಹುದು. ಬೇಕೆಂದೇ ಅಲ್ಲದಿದ್ದರೂ ಬೆರಳು ತಪ್ಪಿ ಹಾಗಾಗುತ್ತದೆ. ಅದಕ್ಕೇ ಹಾಡನ್ನು ಸೂಚಿಸುವುದು ಎಲ್ಲರ ಕೆಲಸವಾಗಲಿ, ಪಟ್ಟಿಗೆ ಏರಿಸುವುದು ಪ್ರತಿ ಬಡಾವಣೆಯ ಒಬ್ಬಿಬ್ಬರ ಕೆಲಸವಾಗಲಿ. ಅವರು ಯಾವ ಹಾಡನ್ನೂ ತಮಗೆ ಇಷ್ಟವಿಲ್ಲವೆಂದು ತಳ್ಳಿಹಾಕಬಾರದು. ಅವರು ಕಾವಲಿನವರು, ತೀರ್ಪುಗಾರರಲ್ಲ.

ಸೂಚಿಸುವುದು ಹೇಗೆ? ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಹಾಡಿನ ಕೊಂಡಿ ಹಾಕಿ, #ಅವಳಿನಗರದಹಾಡು ಎಂದು ಕನ್ನಡದಲ್ಲೇ ಹ್ಯಾಶ್‌ಟ್ಯಾಗ್ ಬರೆಯಿರಿ. ಜೊತೆಗೆ ಹಾಡಿದವರು ಯಾರು, ನೀವು ಅದನ್ನು ಎಲ್ಲಿ ಕೇಳಿದಿರಿ, ಸುಮಾರು ಯಾವ ವರ್ಷ, ಅದು ನಿಮಗೆ ಏಕೆ ಬೇಕು ಎಂದು ಎರಡು ಸಾಲು. ಈ ಎರಡು ಸಾಲು ನನಗೆ ಹಾಡಿನಷ್ಟೇ ಮುಖ್ಯ. ಮಾಳಮಡ್ಡಿಯ ಒಂದು ಮನೆ, ದಾಜಿಬಾನ ಪೇಟೆಯ ಒಂದು ಅಂಗಡಿ, ಸಪ್ತಾಪುರದ ಒಂದು ಬಾಡಿಗೆ ಕೋಣೆ, ಉಣಕಲ್ ಕೆರೆಯ ದಂಡೆ, ಕುಂದಗೋಳದ ನಾಡಗೇರ ವಾಡೆ, ಹೀಗೆ ಜಾಗದ ಹೆಸರು ಬರೆಯಿರಿ. ಜಾಗಗಳೆಲ್ಲ ಕೂಡಿದರೆ ಒಂದು ನಕಾಶೆ ತಾನಾಗಿ ಮೂಡುತ್ತದೆ. ಸಾಮಾಜಿಕ ಜಾಲತಾಣ ಬಳಸದ ಹಿರಿಯರಿಗೆ ನೀವೇ ಬರೆದುಕೊಡಿ. ಅವರು ಹೇಳಲಿ, ನೀವು ಟೈಪ್ ಮಾಡಿ. ಅವರದೇ ಮಾತು ಹಾಗೇ ಇರಲಿ, ಗ್ರಂಥದ ಭಾಷೆಗೆ ತಿದ್ದಬೇಡಿ.

ಇನ್ನೊಂದು ವಿಷಯವನ್ನು ನಾನು ಪೆಟ್ಟು ತಿಂದು ಕಲಿತೆ. ಯೂಟ್ಯೂಬಿನಲ್ಲಿ ಯಾರದೋ ಚಾನೆಲ್ ಮುಚ್ಚಿಹೋದರೆ ನಮ್ಮ ಪಟ್ಟಿಯಿಂದ ಹಾಡೂ ಹೋಗುತ್ತದೆ, ಅದರ ಹೆಸರೂ ಹೋಗುತ್ತದೆ. ಬರೀ ಒಂದು ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಏನಿತ್ತೆಂದು ನೆನಪಾಗುವುದಿಲ್ಲ. ಆದ್ದರಿಂದ ಪ್ರತಿ ಹಾಡಿನ ವಿವರವನ್ನು ಬೇರೆ ಕಡೆ, ಒಂದು ಗೂಗಲ್ ಶೀಟಿನಲ್ಲೋ ಗಟ್ಟಿ ರಟ್ಟಿನ ನೋಟುಬುಕ್ಕಿನಲ್ಲೋ ಬರೆದಿಡಬೇಕು. ನೋಟುಬುಕ್ಕು ಎಂದರೆ ಹಳೆಯ ಕಾಲದ ಮಾತು ಎನಿಸಬಹುದು. ನನ್ನ ಅತ್ತಿಯ ಕಳೆದುಹೋದ ಸಾಲು ಸಿಕ್ಕಿದ್ದು ಅವಳು ಮದುವೆಗೆ ಮುಂಚೆ ಬರೆದಿಟ್ಟ ಹಾಡಿನ ಪುಸ್ತಕದಲ್ಲಿ.

ಎಲ್ಲಿಯೂ ಮುದ್ರಣವಾಗದ ಹಾಡುಗಳನ್ನು ಹೊಸದಾಗಿ ಮುದ್ರಿಸಬೇಕಾಗುತ್ತದೆ. ಬೀಸುವ ಪದ, ಸೋಬಾನ ಪದ, ಜೋಗುಳ, ಗುಳ್ಳವ್ವನ ಹಾಡು ಇಂಥವು. ಅದಕ್ಕೆ ಸ್ಟುಡಿಯೋ ಬೇಡ. ಫ್ಯಾನ್ ಆರಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ನಡುವೆ ಕರೆ ಬಂದು ಹಾಡು ತುಂಡಾಗುತ್ತದೆ. ಮಡಿಚಿದ ಟವೆಲ್ಲಿನ ಮೇಲೆ, ಹಾಡುವವರಿಂದ ಒಂದು ಮೊಳ ದೂರದಲ್ಲಿ ಇಡಿ. ಕೈಯಲ್ಲಿ ಹಿಡಿದರೆ ಬೆರಳಿನ ಸಪ್ಪಳ ಬೀಳುತ್ತದೆ. ಮೊದಲು ಹೆಸರು, ಊರು, ತಾರೀಖು ಹೇಳಿಸಿ. ಗ್ರಾಮೋಫೋನಿನ ಮೊದಲ ಕಾಲದಲ್ಲಿ ಗಾಯಕಿಯರು ಮೂರು ನಿಮಿಷದ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಆ ಒಂದು ಮಾತಿನಿಂದಲೇ ನೂರು ವರ್ಷದ ಮೇಲೂ ಹಾಡಿದವರು ಯಾರೆಂದು ನಮಗೆ ತಿಳಿಯುತ್ತದೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಹಾಡಿನ ಕೆಳಗೆ ಮಾತ್ರ ಇಂದಿಗೂ 'ಜಾನಪದ' ಎಂದಷ್ಟೇ ಬರೆದಿರುತ್ತದೆ. ಹಾಡಿದವಳಿಗೆ ಹೆಸರಿದೆ. ಅದನ್ನು ಬರೆಯಿರಿ.

ಮುದ್ರಿಸುವ ಮೊದಲು ಕೇಳಿ, ಊರಿಗೆಲ್ಲ ಕೇಳಿಸುವ ಮೊದಲು ಮತ್ತೊಮ್ಮೆ ಕೇಳಿ. "ಅವ್ವಾ, ಇದನ್ನ ಫೋನ್‌ನ್ಯಾಗ ಹಾಕಿದ್ರ ಎಲ್ಲಾರೂ ಕೇಳ್ತಾರ, ಹಾಕ್ಲೇನು?" ಎಂದು ತಿಳಿಯುವ ಹಾಗೆ ಹೇಳಿ ಕೇಳಬೇಕು. ಕೆಲವರಿಗೆ ದನಿ ಕೊಡಲು ಒಪ್ಪಿಗೆ, ಮುಖ ತೋರಿಸಲು ಒಪ್ಪಿಗೆ ಇರುವುದಿಲ್ಲ. ಹಾಗಿದ್ದರೆ ದನಿ ಸಾಕು. ಮುಂದೆ ಆ ವಿಡಿಯೋದಿಂದ ಒಂದು ರೂಪಾಯಿ ಬಂದರೂ ಅದು ಹಾಡಿದವರಿಗೆ ಸೇರಬೇಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದಲೇ ತಪ್ಪು ನಡೆಯುತ್ತದೆ. ಈಗಾಗಲೇ ಹಕ್ಕುಳ್ಳವರು ಹಾಕಿರುವ ಹಾಡಿನ ಕೊಂಡಿಯನ್ನು ಪಟ್ಟಿಗೆ ಸೇರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತೊಂದರೆ ಬರುವುದು ನಾವು ಹೊಸದಾಗಿ ಏರಿಸುವಾಗ. ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಗಾಗಿ 1960ಕ್ಕಿಂತ ಮೊದಲು ಪ್ರಕಟವಾದ ತಟ್ಟೆಗಳ ಮುದ್ರಣದ ಹಕ್ಕು ಮುಗಿದಿದೆ. ಸಾಹಿತ್ಯದ ಲೆಕ್ಕ ಬೇರೆ. ಅದಕ್ಕೆ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ. ಅವರ ಕವಿತೆಯನ್ನು ನೀವೇ ಹಾಡಿ ಏರಿಸುವುದಾದರೆ ಮೊದಲು ಅನುಮತಿ ಪಡೆಯಿರಿ. ಶರೀಫರ ಪದಗಳಿಗೆ ಅಂಥ ತಡೆಯಿಲ್ಲ. ಅವರು 1889ರಲ್ಲೇ ಹೋದವರು.

ಯಾರು ನಮ್ಮವರು, ಯಾರು ಅಲ್ಲ ಎಂಬ ಜಗಳ ಬರುತ್ತದೆ. ಭೀಮಸೇನ ಜೋಶಿ ಗದಗದವರಲ್ಲವೇ, ಬಾಳಿದ್ದು ಪುಣೆಯಲ್ಲವೇ ಎಂದು ಕೇಳುವವರಿದ್ದಾರೆ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳಿಂದ ಕಲಿತು, ಧಾರವಾಡದಲ್ಲಿ ದಶಕಗಟ್ಟಲೆ ಪಾಠ ಹೇಳಿದ ಎಂ. ವೆಂಕಟೇಶ ಕುಮಾರರನ್ನು ಯಾವ ಊರಿಗೆ ಬರೆಯುತ್ತೀರಿ? ನನ್ನ ಮಾತು ಇಷ್ಟು: ಕೊರಳು ಎಲ್ಲಿ ಹುಟ್ಟಿತು ಎಂದು ನೋಡುವುದು ಬೇಡ, ಆ ಹಾಡು ಇಲ್ಲಿ ಕೇಳಿಸಿತೇ ಎಂದು ನೋಡಿದರೆ ಸಾಕು. ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಡಿ ಬಂದವು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಎಂಬ ಮಾತೂ ಬಂದಿದೆ. ಕಚೇರಿಗಳು ಎರಡಾಗಲಿ, ಆಡಳಿತಕ್ಕೆ ಅದೇ ಒಳ್ಳೆಯದಿರಬಹುದು. ಹಾಡಿನ ಪಟ್ಟಿ ಮಾತ್ರ ಒಂದೇ ಇರಲಿ. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಮನೆ ಮಾಡಿ, ಕುಂದಗೋಳಕ್ಕೆ ರೈಲು ಹತ್ತಿದ ಗಂಗೂಬಾಯಿಯವರನ್ನು ಎರಡು ಭಾಗ ಮಾಡಲಾದೀತೇ?

ಯುನೆಸ್ಕೋದವರು ಸಂಗೀತದ ನಗರಗಳೆಂದು ನಮ್ಮ ದೇಶದಲ್ಲಿ ಗುರುತಿಸಿದವು ವಾರಾಣಸಿ, ಚೆನ್ನೈ ಮತ್ತು 2023ರಲ್ಲಿ ಗ್ವಾಲಿಯರ್. ನಮ್ಮ ಊರೂ ಒಂದು ದಿನ ಆ ಸಾಲಿಗೆ ಬರಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಅಂಥ ಗೌರವ ಕೇಳುವ ದಿನ ಬಂದಾಗ ತೋರಿಸಲು ನಮ್ಮ ಹತ್ತಿರ ಏನಿರುತ್ತದೆ? ಪ್ರತಿಮೆಗಳು, ಭವನಗಳು ಇರುತ್ತವೆ. ಊರಿನ ಸಾಮಾನ್ಯ ಜನ ಏನು ಹಾಡುತ್ತಿದ್ದರು, ಏನು ಕೇಳುತ್ತಿದ್ದರು ಎಂಬುದಕ್ಕೆ ಜನರೇ ಬರೆದ ದಾಖಲೆಯೂ ಇರಬೇಕು.

ಶಾಲೆ-ಕಾಲೇಜುಗಳ ಮಾಸ್ತರರಲ್ಲಿ, ಅಕ್ಕಂದಿರಲ್ಲಿ ನನ್ನ ಬೇಡಿಕೆ ಬೇರೆ ಇದೆ. ರಜೆಗೆ ಮಕ್ಕಳಿಗೆ ಕೊಡುವ ಕೆಲಸದಲ್ಲಿ ಇದೊಂದನ್ನು ಸೇರಿಸಿ: ಮನೆಯ ಹಿರಿಯರಿಂದ ಒಂದು ಹಾಡು ಕಲಿತು ಬರುವುದು, ಅದನ್ನು ಎಲ್ಲಿ ಯಾರಿಂದ ಕಲಿತರೆಂದು ಅರ್ಧ ಪುಟ ಬರೆಯುವುದು. ಆಟೋ ಓಡಿಸುವ ಅಣ್ಣಂದಿರೇ, ನಿಮ್ಮ ಗಾಡಿಯಲ್ಲಿ ದಿನವಿಡೀ ಹಾಡು ಇರುತ್ತದೆ. ನಿಮ್ಮಷ್ಟು ಕೇಳುವವರು ಊರಲ್ಲಿ ಬೇರೆಯವರಿಲ್ಲ. ಪಟ್ಟಿ ಸಿದ್ಧವಾದ ಮೇಲೆ ಅದನ್ನು ಮೊದಲು ನಿಮ್ಮ ಗಾಡಿಯಲ್ಲೇ ಹಾಕಿ. ಚಹಾದಂಗಡಿಯವರು, ಪೇಡೆ ಅಂಗಡಿಯವರು ಮುಂಜಾನೆ ಒಂದು ತಾಸು ಅದನ್ನೇ ಹಾಕಲಿ. ಪುಣೆ, ಮುಂಬೈ, ಬೆಂಗಳೂರು, ದೂರದ ಅಮೆರಿಕದಲ್ಲಿರುವ ನಮ್ಮೂರವರೇ, ಊರು ಬಿಟ್ಟವರಿಗೆ ನೆನಪು ಗಟ್ಟಿಯಾಗಿರುತ್ತದೆ. ನನ್ನ ಅಜ್ಜಿಯ ಪದದ ಮೊದಲ ನುಡಿ ಪುಣೆಯಿಂದಲೇ ಬಂತು.

ದೊಡ್ಡ ಉದ್ಘಾಟನೆಗೆ ಕಾಯಬೇಡಿ, ನೂರು ಹಾಡು ಕೂಡಲಿ ಎಂದೂ ಕಾಯಬೇಡಿ. ಇವತ್ತು ಊಟವಾದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಹತ್ತಿರ ಕೂತುಕೊಳ್ಳಿ. "ನೀ ಸಣ್ಣಾಕಿ ಇದ್ದಾಗ ಯಾವ ಹಾಡ ಹಾಡ್ತಿದ್ರಿ?" ಎಂದು ಕೇಳಿ. ಮೊದಲು ನಗುತ್ತಾರೆ, ಮರೆತಿದ್ದೇನೆ ಎನ್ನುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಹಾಡು ಬಂದಾಗ ಹೆಸರು, ಊರು, ತಾರೀಖು ಹೇಳಿಸಿ ಮುದ್ರಿಸಿಕೊಳ್ಳಿ, ಅವರ ಒಪ್ಪಿಗೆ ಪಡೆದು ನಾಳೆ ಬೆಳಿಗ್ಗೆ #ಅವಳಿನಗರದಹಾಡು ಎಂದು ಬರೆದು ಕಳಿಸಿ. ನಿಮ್ಮ ಹಾಡಿಗೆ ದಾರಿ ಕಾಯುತ್ತಿದ್ದೇನೆ.